ಐದು ತಟ್ಟೆಯ ಕೇಸು: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ. ನಾನು ಕುದುರೆಮುಖದ ತಪ್ಪಲಿನವಳು, ಮಲೆಕುಡಿಯ ಆದಿವಾಸಿ ಸಮುದಾಯದವಳು. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ರಾತ್ರಿ ಯಾರು ಬಾಗಿಲು ತಟ್ಟುತ್ತಾರೋ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ.

2025ರ ಜನವರಿ 8ರಂದು ಆರು ಜನ ನಕ್ಸಲರು ಕಾಡು ಬಿಟ್ಟು ಬೆಂಗಳೂರಿಗೆ ಬಂದರಲ್ಲ, ಅದನ್ನು ನಾವು ಗುಡ್ಡದ ಮೇಲೆ ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಿದೆವು. ಮುಖ್ಯಮಂತ್ರಿಗಳು ಅವರ ಕೈಗೆ ಗುಲಾಬಿ ಹೂವು, ಸಂವಿಧಾನದ ಪುಸ್ತಕ ಕೊಟ್ಟರು. ಅವರು ಬಂದದ್ದು ಒಳ್ಳೆಯದೇ ಆಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಹೆಬ್ರಿ ಹತ್ತಿರ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡನ ಹೆಣ ಬಿದ್ದಿತ್ತು. ಇನ್ನಷ್ಟು ಹೆಣ ಯಾರಿಗೆ ಬೇಕು? ಆದರೆ ವಿಡಿಯೋ ಮುಗಿದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು: "ಬಂದೂಕು ಹಿಡಿದವರದ್ದು ಮುಗೀತು. ಅನ್ನ ಹಾಕಿದವರದ್ದು ಯಾವಾಗ ಮುಗಿಯೋದು?"

ಅದನ್ನೇ ನಿಮಗೆ ಕೇಳುತ್ತಿದ್ದೇನೆ. ನಕ್ಸಲರಿಗೆ ಅನ್ನ ಹಾಕಿದ ಅಂತ ನನ್ನ ಅಣ್ಣನ ಮೇಲೆ ಹಾಕಿದ ಕೇಸು ವಾಪಸ್ ತೆಗೆಯಿರಿ.

2012ರ ಮಳೆಗಾಲ. ಮಳೆ ಹಿಡಿದರೆ ನಮ್ಮ ಹಳ್ಳ ದಾಟಲು ಆಗುವುದಿಲ್ಲ, ಅಡಿಕೆ ಮರದ ಕಾಲುಸಂಕ ಕೊಚ್ಚಿಹೋಗುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಅಕ್ಕಿ, ಉಪ್ಪು, ಬೆಲ್ಲ, ಒಣಮೀನು ಎಲ್ಲ ಜೋಡಿಸಿಡುತ್ತೇವೆ. ಮಲೆನಾಡಿನಲ್ಲಿ ಎಲ್ಲರೂ ಮಾಡುವುದೇ ಇದು. ಒಂದು ರಾತ್ರಿ ಹತ್ತು ಹನ್ನೆರಡು ಜನ ಬಂದೂಕಿನವರು ಬಂದರು. ಈ ಸಲ ಸರ್ಕಾರದವರು. ಯಾವ ಠಾಣೆ, ಯಾವ ಪಡೆ ಅಂತ ಬರೆಯಲ್ಲ. ಬೂಟಿನಲ್ಲೇ ಅಡುಗೆಮನೆಗೆ ನುಗ್ಗಿದರು. ಅಕ್ಕಿ ಮೂಟೆಗೆ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ತಟ್ಟೆ ಎಣಿಸಿದರು.

"ಮನೇಲಿ ಮೂರೇ ಜನ ಅಂತೀಯ. ತಟ್ಟೆ ಐದು ಯಾಕಮ್ಮಾ?"

ಅಮ್ಮನಿಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಯಾರಿಗೆ ತಾನೇ ಹೊಳೆಯುತ್ತದೆ? ಅವಳ ಮದುವೆಗೆ ಬಂದ ಸ್ಟೀಲ್ ತಟ್ಟೆಗಳು ಅವು. ಹಿಂಬದಿಯಲ್ಲಿ ಕೊಟ್ಟವರ ಹೆಸರು ಕೆತ್ತಿದೆ. ಆ ಹೆಸರು ಓದಿ "ಇವನು ಯಾರು, ಎಲ್ಲಿದ್ದಾನೆ?" ಅಂತ ಜೋರು ಮಾಡಿದರು. ಅವರು ಅಮ್ಮನ ಸೋದರಮಾವ, ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಪಂಚನಾಮೆಯಲ್ಲಿ ಒಂದೂವರೆ ಮೂಟೆ ಅಕ್ಕಿ, ಒಣಮೀನು, ಎರಡು ಟಾರ್ಚ್, ತಟ್ಟೆ ಐದು ಅಂತ ಬರೆದು ಅಣ್ಣನನ್ನು ಕರೆದುಕೊಂಡು ಹೋದರು. ಅವನಿಗೆ ಆಗ 22 ವರ್ಷ.

ನಕ್ಸಲರು ನಮ್ಮ ಮನೆಗೆ ಬಂದಿರಲಿಲ್ಲವಾ? ಬಂದಿದ್ದರು, ಒಂದು ಸಲ. ಉಂಡು ಹೋದರು. ಹೆಗಲಿಗೆ ಬಂದೂಕು ಹಾಕಿಕೊಂಡು ಜಗಲಿಗೆ ಬಂದವರಿಗೆ ಅನ್ನ ಇಲ್ಲ ಅನ್ನಲು ಯಾರಿಂದ ಆಗುತ್ತದೆ? 2008ರಲ್ಲಿ ಸೀತಾನದಿ ಅನ್ನುವ ಊರಿನಲ್ಲಿ ಪೊಲೀಸರ ಮಾಹಿತಿದಾರ ಅನ್ನುವ ಅನುಮಾನದ ಮೇಲೆ ನಕ್ಸಲರು ಒಬ್ಬ ಮೇಷ್ಟ್ರನ್ನೂ ಇನ್ನೊಬ್ಬರನ್ನೂ ಕೊಂದರು. ಅದಕ್ಕೆ ಮೊದಲು, 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು, ಅದರಲ್ಲಿ ಊರಿನ ಆದಿವಾಸಿ ಗಂಡ ಹೆಂಡತಿಯೂ ಇದ್ದರು. ಅನ್ನ ಕೊಡದಿದ್ದರೆ ಅವರ ಹೆದರಿಕೆ, ಕೊಟ್ಟರೆ ನಿಮ್ಮ ಹೆದರಿಕೆ. ನಡುವೆ ನಾವು.

ಭಯೋತ್ಪಾದನೆ ತಡೆಯಲು ಇರುವ ಯುಎಪಿಎ ಕಾಯ್ದೆಯ 19ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ಉಗ್ರ ಅಂತ ಗೊತ್ತಿದ್ದೂ ಆಶ್ರಯ ಕೊಟ್ಟರೆ ಕಡಿಮೆ ಅಂದರೂ ಮೂರು ವರ್ಷ, ಜಾಸ್ತಿ ಅಂದರೆ ಜೀವಾವಧಿ. ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ಬಂದೂಕಿಗೆ ಹೆದರಿ ಗಂಜಿ ಬಡಿಸಿದವರ ಬಗ್ಗೆ ಒಂದು ಸಾಲೂ ಇಲ್ಲ.

ಜಾಮೀನು ಸಿಕ್ಕಿದ ಮೇಲೂ ಅಣ್ಣ ಏಳು ತಿಂಗಳು ಒಳಗೇ ಇದ್ದ. ಶ್ಯೂರಿಟಿಗೆ ಪಹಣಿ ಬೇಕು ಅಂದರು. ನಮ್ಮದು ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗ, ಅಜ್ಜನ ಕಾಲದಿಂದ ಉಳುತ್ತಿದ್ದರೂ ಪಹಣಿ ಎಲ್ಲಿಂದ ಬರಬೇಕು? 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿ ಇನ್ನೂ ಅರ್ಜಿಯಾಗಿಯೇ ಇದೆ. ಪಹಣಿ ಇದ್ದವರು ನಕ್ಸಲ್ ಕೇಸಿಗೆ ಸಹಿ ಹಾಕಲು ಒಪ್ಪುತ್ತಾರಾ? ಕೊನೆಗೆ ಅಣ್ಣ ಕೂಲಿಗೆ ಹೋಗುತ್ತಿದ್ದ ತೋಟದ ಭಟ್ಟರು ಬಂದು ಹಾಕಿದರು. ಆ ಋಣ ದೊಡ್ಡದು.

ಅವತ್ತಿನಿಂದ 13 ವರ್ಷ ವಾಯಿದೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ಆರು ಕಿಲೋಮೀಟರ್ ನಡೆದು ಬಸ್ ಹಿಡಿಯಬೇಕು. ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ, ಸಾಕ್ಷಿ ಬಂದಿಲ್ಲ ಅನ್ನುತ್ತಾರೆ, ಮುಂದಿನ ತಾರೀಖು ಕೊಡುತ್ತಾರೆ. ಎರಡು ನಿಮಿಷದ ಕೆಲಸ, ಒಂದು ದಿನದ ಕೂಲಿ ಹೋಯಿತು. ಎರಡು ಸಲ ಹೆಣ್ಣಿನ ಕಡೆಯವರು ನೋಡಲು ಬಂದು ಕೇಸಿನ ಸುದ್ದಿ ಕೇಳಿ ಕಾಫಿ ಕುಡಿದು ಹೋದರು. ಕುತ್ಲೂರಿನ ಪತ್ರಿಕೋದ್ಯಮ ಓದುತ್ತಿದ್ದ ಹುಡುಗನನ್ನೂ ಅವನ ಅಪ್ಪನನ್ನೂ ನಕ್ಸಲ್ ನಂಟು ಅಂತ 2012ರ ಮಾರ್ಚಿನಲ್ಲಿ ಹಿಡಿದಿದ್ದರಲ್ಲ, ಅವರು ನಿರ್ದೋಷಿ ಅಂತ ಕೋರ್ಟ್ ಹೇಳುವಾಗ 2021 ಆಗಿತ್ತು. ಅವನ ಹಿಂದೆ ಓದಿದವರು, ಬರೆಯುವವರು ಇದ್ದರು. ನಮ್ಮಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಕೇಸು ವಾಪಸ್ ತೆಗೆಯುವ ದಾರಿ ನಾನು ಹೇಳಿಕೊಡಬೇಕಾಗಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 321ನೇ ಸೆಕ್ಷನ್, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 360. 2024ರ ಅಕ್ಟೋಬರಿನಲ್ಲಿ ನಿಮ್ಮ ಸಂಪುಟ ಒಂದೇ ಸಲಕ್ಕೆ 43 ಕೇಸು ವಾಪಸ್ ಪಡೆಯಲು ತೀರ್ಮಾನ ಮಾಡಿತು. ಆಮೇಲೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಅದು ಬೇರೆ ಮಾತು. ಮನಸ್ಸು ಮಾಡಿದಾಗ ಫೈಲು ಓಡುತ್ತದೆ ಅಂತಾದರೂ ಗೊತ್ತಾಯಿತು. ಅಥವಾ ಅಣ್ಣನೂ ಸುಮ್ನೆ ಒಂದು ಬಂದೂಕು ಹುಡುಕಿಕೊಂಡು ಬಂದು ನಿಮ್ಮ ಮುಂದೆ ಶರಣಾಗಬೇಕಾ? ಆಗ ಪುನರ್ವಸತಿ ಪ್ಯಾಕೇಜೂ ಸಿಗಬಹುದು, ಅಲ್ವಾ?

ಕೋಪದಲ್ಲಿ ಬರೆದೆ, ಕ್ಷಮಿಸಿ. ಕೋಪ ಬಂದು ಬಹಳ ವರ್ಷ ಆಗಿದೆ.

ಕರ್ನಾಟಕ ನಕ್ಸಲ್ ಮುಕ್ತ ಅಂತ ಹೇಳಿದ್ದೀರಿ. ಸಂತೋಷ. ಹಾಗಾದರೆ ಅಣ್ಣನ ಕೇಸು ವಾಪಸ್ ತೆಗೆಯಿರಿ. ಅವನೊಬ್ಬನದ್ದಲ್ಲ, ಅನ್ನ ಹಾಕಿದರು, ದಾರಿ ತೋರಿಸಿದರು ಅಂತ ಸಿಕ್ಕಿಹಾಕಿಕೊಂಡ ಮಲೆನಾಡಿನ ಎಲ್ಲರದ್ದೂ ತೆಗೆಯಿರಿ. ಹೂವು ಬೇಡ.

ಇನ್ನೊಂದು. ಆ ಐದು ತಟ್ಟೆ ಇನ್ನೂ ಮುದ್ದೆಮಾಲಾಗಿ, ಅಂದರೆ ಕೇಸಿನಲ್ಲಿ ಜಪ್ತಾದ ವಸ್ತುವಾಗಿ, ಕೋರ್ಟಿನಲ್ಲೇ ಇವೆ. ಕೇಸು ಮುಗಿಸುವಾಗ ಅವನ್ನೂ ವಾಪಸ್ ಕೊಡಿಸಿ. ಅಮ್ಮ ಪ್ರತಿ ವಾಯಿದೆಗೂ ಕೇಳಿ ಕಳಿಸುತ್ತಾಳೆ.

ಇಂತಿ,
ಆರೋಪಿಯ ತಂಗಿ