ಸ್ವಾಲ್‌ಬಾರ್ಡ್‌ಗೆ ಹೋಗಿ ಬಂದೆ, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಮೈಸೂರಿಗೆ ಬಂದು ಇಳಿದಾಗಿನಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ: ಹಿಮಕರಡಿ ಕಂಡಿತಾ? ಕಂಡಿತು. ಅದರ ಕತೆ ಆಮೇಲೆ. ಮೊದಲು ಋಣದ ಲೆಕ್ಕ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನಗೀಗ ಅರವತ್ತೆಂಟು. ಅಂಚೆ ಇಲಾಖೆಯಲ್ಲಿದ್ದು ರಿಟೈರ್ ಆದವಳು. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಬಲಮಂಡಿ ನನ್ನದಲ್ಲ, ಡಾಕ್ಟರು ಹಾಕಿದ್ದು. ಇಂಥವಳು ಈ ಜುಲೈನಲ್ಲಿ ಒಬ್ಬಳೇ ನಾರ್ವೆಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋಗಿ, ನೂರು ಚಿಲ್ಲರೆ ಜನರ ಒಂದು ಸಣ್ಣ ಹಡಗಿನಲ್ಲಿ ಹಿಮದ ಅಂಚಿನವರೆಗೆ ಸುತ್ತಿ ಬಂದಳು. ದ್ವೀಪದ ಊರು ಲಾಂಗ್‌ಇಯರ್‌ಬ್ಯೇನ್ ಇರುವುದು 78 ಡಿಗ್ರಿ ಉತ್ತರದಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್. ಬೆಂಗಳೂರಿಂದ ನಾಗಪುರ ದಾಟಿ ಸ್ವಲ್ಪ ಮುಂದೆ ಹೋದಷ್ಟೇ.

ಈ ಹುಚ್ಚು ಹತ್ತಿದ್ದು ಕೌಂಟರ್‌ನಲ್ಲಿ ಕೂತಿದ್ದಾಗ. 2008ರ ಜುಲೈನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಸ್ವಾಲ್‌ಬಾರ್ಡ್‌ನ ನ್ಯೂ-ಓಲೆಸುಂಡ್ ಅನ್ನುವ ಜಾಗದಲ್ಲಿ ಭಾರತ 'ಹಿಮಾದ್ರಿ' ಅಂತ ಸಂಶೋಧನಾ ಕೇಂದ್ರ ತೆರೆದಿದೆ ಅಂತ. ದಕ್ಷಿಣದ ಅಂಟಾರ್ಕ್ಟಿಕಾದಲ್ಲಿ ನಮ್ಮ ಇಲಾಖೆ 1984ರಲ್ಲೇ ಅಂಚೆ ಕಚೇರಿ ತೆರೆದಿದ್ದು ನಮಗೆಲ್ಲ ಗೊತ್ತಿತ್ತು, ಅದು ನಮ್ಮ ಹೆಮ್ಮೆ. ಉತ್ತರದ ವಿಷಯ ಮಾತ್ರ ಹೊಸದು. ಅವತ್ತೇ ಮನಸ್ಸಲ್ಲಿ ಬರೆದಿಟ್ಟುಕೊಂಡೆ. ಕೊನೆಗೆ ಸೀನಿಯರ್ ಸಿಟಿಜನ್ ಸ್ಕೀಮಿನ ಐದು ವರ್ಷದ ಡಿಪಾಸಿಟ್ ಮೆಚ್ಯೂರ್ ಆಯಿತು. ಅದನ್ನು ರಿನ್ಯೂ ಮಾಡಲಿಲ್ಲ, ಅಷ್ಟೇ.

ಮೊದಲ ಥ್ಯಾಂಕ್ಸ್ ಮಗಳಿಗೆ. ಸಂಬಂಧಿಕರೆಲ್ಲ 'ಈ ವಯಸ್ಸಲ್ಲಿ ಕಾಶಿಗೆ ಹೋಗೋದು ಬಿಟ್ಟು' ಅಂತ ಶುರು ಮಾಡಿದ್ದರು. ಕಾಶಿಗೆ ಹೋಗಿ ಬಂದಾಗಿದೆ, ಅಲ್ಲಿನ ಘಾಟು ಹಿಮಕ್ಕಿಂತ ಜಾಸ್ತಿ ಜಾರುತ್ತೆ ಅಂದೆ. ಮಗಳು ಮಾತ್ರ ಕೇಳಿದ್ದು ಎರಡೇ ಮಾತು: ದುಡ್ಡು ಸಾಕಾ, ಇನ್ಶೂರೆನ್ಸಲ್ಲಿ ಹೆಲಿಕಾಪ್ಟರ್ ಖರ್ಚು ಸೇರಿದೆಯಾ. ಆಮೇಲೆ ಸುಮ್ಮನಾದಳು. 'ಬೇಡಮ್ಮ' ಅನ್ನುವುದು ನಾಲಿಗೆ ತುದಿಗೆ ಬಂದಿದ್ದು ನನಗೆ ಕಾಣುತ್ತಿತ್ತು. ಅವಳು ಹುಡುಗಿಯಾಗಿದ್ದಾಗ ನಾನು ಎಷ್ಟು ಸಲ 'ಬೇಡ' ಅಂದಿದ್ದೇನೋ ಲೆಕ್ಕವಿಲ್ಲ. ಅವಳು ಒಂದು ಸಲವೂ ಅನ್ನಲಿಲ್ಲ.

ನನ್ನ ಫಿಸಿಯೋಥೆರಪಿ ಹುಡುಗಿಗೆ. ಹಡಗು, ಕರಡಿ ಅಂದಾಗ ಎಲ್ಲರೂ ನಕ್ಕರೆ, ಇವಳು 'ಎಷ್ಟು ಎತ್ತರದ ಮೆಟ್ಟಿಲು ಹತ್ತಬೇಕು ಆಂಟಿ?' ಅಂತ ಕೇಳಿದಳು. ಆಮೇಲೆ ರಬ್ಬರ್ ದೋಣಿಯ ವಿಡಿಯೋ ನೋಡಿ, ಅದಕ್ಕೆ ತಕ್ಕ ಹಾಗೆ ಮಂಚದ ತುದಿಯಲ್ಲಿ ಕೂತು ಕಾಲು ಹೊರಳಿಸುವ ವ್ಯಾಯಾಮ ಕಲಿಸಿದಳು. ಕುಕ್ಕರಹಳ್ಳಿ ಕೆರೆಯ ಬೆಳಗಿನ ಬಳಗಕ್ಕೂ. ನನ್ನ ಮಂಡಿಗಾಗಿ ನೀವೆಲ್ಲ ನಿಧಾನ ನಡೆದಿದ್ದು ಗೊತ್ತಾಗುತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದೆ.

ವೀಸಾ ಮಾಡಿಸಿಕೊಟ್ಟ ಹುಡುಗನನ್ನು ಮರೆಯುವ ಹಾಗಿಲ್ಲ. ಅವನಿಗಿಂತ ಮುಂಚೆ ಹೋಗಿದ್ದ ಒಂದು ಟ್ರಾವೆಲ್ ಕಂಪನಿಯವರು, ಜೊತೆಗೆ ಯಾರಾದರೂ ಬಂದರೆ ಮಾತ್ರ ಬುಕ್ ಮಾಡುತ್ತೇವೆ ಅಂದಿದ್ದರು. ಇವನು ಹಾಗೇನೂ ಅನ್ನಲಿಲ್ಲ. ಸ್ವಾಲ್‌ಬಾರ್ಡ್ ನಾರ್ವೆಯದ್ದೇ ಆದರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಗೆ ಹೋಗುವುದಕ್ಕೆ ವೀಸಾನೇ ಬೇಡ. ಆದರೆ ಓಸ್ಲೋ ಮೇಲೆ ಹೋಗಬೇಕು, ವಾಪಸ್ ಬರುವಾಗ ಮತ್ತೆ ಓಸ್ಲೋ. ಅಂದರೆ ಷೆಂಗೆನ್ ಒಳಗೆ ಎರಡು ಸಲ ಹೋದ ಹಾಗೆ. ಒಂದೇ ಎಂಟ್ರಿಯ ವೀಸಾ ಹಾಕಿಸಿಕೊಂಡವರು ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಅವನು ಇದನ್ನು ಮೊದಲೇ ನೋಡಿ ಸರಿಯಾದ್ದನ್ನೇ ಹಾಕಿಸಿದ. ಮುಂದೆ ಹೋಗುವವರು ನೆನಪಿಟ್ಟುಕೊಳ್ಳಿ.

ಇನ್ನು ಹಡಗಿನವರು. ಇವರಿಗೆ ಕನ್ನಡ ಬರಲ್ಲ, ಇದನ್ನು ಓದಲ್ಲ. ಆದರೂ ಬರೆಯಬೇಕು.

ಹಡಗಿನಿಂದ ದಡಕ್ಕೆ ಹೋಗುವುದು ಜೋಡಿಯಾಕ್ ಅನ್ನುವ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ. ಅದು ಅಲೆಯ ಜೊತೆ ಏಳುತ್ತೆ, ಬೀಳುತ್ತೆ. ಹತ್ತುವಾಗ ಗೈಡ್ ಕೈ ಚಾಚುತ್ತಾರೆ. ಬೆರಳು ಹಿಡಿಯಬಾರದು. ಅವರ ಮುಂಗೈಯನ್ನು ನಾವು, ನಮ್ಮ ಮುಂಗೈಯನ್ನು ಅವರು ಹಿಡಿಯಬೇಕು. ಒಬ್ಬರ ಹಿಡಿತ ಜಾರಿದರೂ ಇನ್ನೊಬ್ಬರದು ಇರುತ್ತೆ. ಹಡಗಿನವರೆಲ್ಲ ಹಿಡಿಯುವುದು ಹೀಗೇ. ನಮ್ಮ ಗೈಡ್ ಮೂವತ್ತು ದಾಟಿರದ ಹುಡುಗಿ. ಕೈ ಚಾಚಿ ನಿಲ್ಲುತ್ತಿದ್ದಳು. ಎಳೆಯುತ್ತಿರಲಿಲ್ಲ. ಅಲೆ ಬಂದು, ಹೋಗಿ, ನಾನು ನೋಡಿಕೊಂಡು, ನಾನೇ ಹಿಡಿಯುವ ತನಕ ಕಾಯುತ್ತಿದ್ದಳು. ಹಿಂದೆ ಕ್ಯೂ ಇದ್ದರೂ ಕಾಯುತ್ತಿದ್ದಳು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ಹಾಗಲ್ಲ. ಮಂಡಿ ಆಪರೇಷನ್ ಆದಮೇಲೆ ರಸ್ತೆ ದಾಟುವಾಗ ಯಾರೋ ತೋಳು ಹಿಡಿದು ಎಳೆಯುತ್ತಾರೆ. ಮದುವೆ ಮನೆಯಲ್ಲಿ ಕೈಯಲ್ಲಿದ್ದ ಲೋಟ ಕಿತ್ತುಕೊಂಡು 'ನೀವು ಕೂತ್ಕೊಳ್ಳಿ' ಅನ್ನುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಪ್ರೀತಿಯಿಂದ ಕೂರಿಸಿ ಕೂರಿಸಿಯೇ ಮನುಷ್ಯರು ಏಳದ ಹಾಗೆ ಆಗುತ್ತಾರೆ. ಆ ಹುಡುಗಿಗೆ ನಾನು ಥ್ಯಾಂಕ್ಸ್ ಹೇಳುವುದು ಕೈ ಕೊಟ್ಟಿದ್ದಕ್ಕೆ ಮಾತ್ರ ಅಲ್ಲ, ಕಾದಿದ್ದಕ್ಕೆ.

ಅವಳದ್ದೇ ಇನ್ನೊಂದು ವಿಷಯ. ದಡಕ್ಕೆ ಇಳಿಯುವ ಮೊದಲು ಎಲ್ಲರ ಬಟ್ಟೆ, ಬ್ಯಾಗು, ಬೂಟು ಪರೀಕ್ಷೆ. ಹೊರಗಿನ ಗಿಡದ ಬೀಜ ಅಲ್ಲಿ ಬೀಳಬಾರದು. ಜೇಬಿಗೆಲ್ಲ ವ್ಯಾಕ್ಯೂಮ್ ಕ್ಲೀನರ್ ಹಾಕುತ್ತಾರೆ. ನನ್ನ ವಾಕಿಂಗ್ ಪ್ಯಾಂಟಿನ ಅಂಚಿನಲ್ಲಿ ಸಿಕ್ಕಿದ್ದೇನು ಗೊತ್ತಾ? ಉತ್ತರಾಣಿ ಬೀಜ! ಕುಕ್ಕರಹಳ್ಳಿ ಕೆರೆಯಿಂದ ಓಸ್ಲೋ ದಾಟಿ ಬಂದಿತ್ತು. ಅವಳು ಚಿಮಟದಲ್ಲಿ ಕಿತ್ತು, ಕಾಗದದ ಮೇಲಿಟ್ಟು, ಇದೇನು ಅಂತ ಕೇಳಿದಳು. ಗಣಪತಿ ಹಬ್ಬಕ್ಕೆ ಇದರ ಎಲೆ ಬೇಕು ಅಂತ ಹೇಳಿದೆ. ಅಲ್ಲಿ ಬೆಳೆಯುವುದಂತೂ ಬೆರಳುದ್ದದ ಗಿಡಗಳು. ವಿಲ್ಲೋ ಅನ್ನುವ ಮರ ಕೂಡ ನೆಲಕ್ಕೆ ಅಂಟಿಕೊಂಡು ಕೆಲವೇ ಸೆಂಟಿಮೀಟರ್ ಇರುತ್ತೆ. ಕಾಲಿಡುವ ಮುಂಚೆ ನೋಡಬೇಕು.

ನನ್ನ ಕ್ಯಾಬಿನ್ ಜೊತೆಗಾತಿಗೆ. ಒಬ್ಬರೇ ಹೋದರೆ ಇಡೀ ಕ್ಯಾಬಿನ್ನಿಗೆ ದುಡ್ಡು ಜಾಸ್ತಿ ಕೇಳುತ್ತಾರೆ. ಅದಕ್ಕೆ ಹಂಚಿಕೊಳ್ಳುತ್ತೇನೆ ಅಂದಿದ್ದೆ. ಸಿಕ್ಕಿದವರು ಹಾಲೆಂಡಿನ ರಿಟೈರ್ಡ್ ನರ್ಸ್, ನನಗಿಂತ ದೊಡ್ಡವರು. ಗೊರಕೆ ಹೊಡೆಯುತ್ತಿದ್ದರು. ನಾನೂ ಹೊಡೆಯುತ್ತೇನಂತೆ, ಅವರೇ ಹೇಳಿದ್ದು. ಹಡಗು ತೆರೆದ ಸಮುದ್ರಕ್ಕೆ ಬಿದ್ದ ರಾತ್ರಿ (ರಾತ್ರಿ ಅಂತ ಗಡಿಯಾರ ಹೇಳಬೇಕು, ಆಗಸ್ಟ್ ಮೂರನೇ ವಾರದವರೆಗೂ ಅಲ್ಲಿ ಸೂರ್ಯ ಮುಳುಗಲ್ಲ) ನನಗೆ ಹೊಟ್ಟೆ ತೊಳಸಿ ತೊಳಸಿ ಪ್ರಾಣ ಹೋದ ಹಾಗಾಯಿತು. ಅವರು ಬಕೆಟ್ ತಂದು ಮಂಚದ ಪಕ್ಕ ಇಟ್ಟರು. ಹಸಿರು ಸೇಬು, ಒಣ ಬಿಸ್ಕತ್ತು ತಂದಿಟ್ಟರು. ಡಾಕ್ಟರನ್ನು ಕರೆಯಲಾ ಅಂತ ಕೇಳಿದರು, ನಾನು ಹೂಂ ಅಂದಮೇಲೆ ಕರೆದರು. ಮಾತ್ರೆ ನುಂಗಿ ಮಲಗಿದೆ. ಬೆಳಿಗ್ಗೆ ಎದ್ದಾಗ ಅವರು ಏನೂ ಆಗದ ಹಾಗೆ ಹೆಣಿಗೆ ಹಾಕುತ್ತಾ ಕೂತಿದ್ದರು.

ಅಡುಗೆಮನೆಯ ಫಿಲಿಪೀನ್ಸ್ ಹುಡುಗರಿಗೆ. ಮೊದಲ ದಿನ ನನಗೆ ಸಿಕ್ಕಿದ್ದು ಬೇಯಿಸಿದ ಬೀನ್ಸು, ಆಲೂಗಡ್ಡೆ. ನಾನು ಚಟ್ನಿಪುಡಿ ಡಬ್ಬಿ ತೆಗೆದೆ. ಒಬ್ಬ ಕೇಳಿ ಒಂದು ಚೂರು ನಾಲಿಗೆಗೆ ಹಾಕಿಕೊಂಡ. ಮಾರನೆಯ ದಿನದಿಂದ ನನ್ನ ತಟ್ಟೆಗೆ ಅನ್ನ, ಬೇಳೆ, ಹಸಿಮೆಣಸಿನಕಾಯಿ. ಡಬ್ಬಿ ಅವರಿಗೇ ಬಿಟ್ಟು ಬಂದೆ.

ಈಗ ಕರಡಿ. ಅಲ್ಲಿ ಗೈಡುಗಳು ಮೊದಲು ದಡಕ್ಕೆ ಹೋಗಿ, ಹೆಗಲಲ್ಲಿ ರೈಫಲ್ ಇಟ್ಟುಕೊಂಡು, ಸುತ್ತಲಿನ ದಿಬ್ಬಗಳನ್ನೆಲ್ಲ ನೋಡಿ, ಇಲ್ಲ ಅಂತ ಖಾತ್ರಿಯಾದಮೇಲೆ ನಮ್ಮನ್ನು ಇಳಿಸುತ್ತಾರೆ. ಒಂದು ಕಡೆ ನಾವು ಲೈಫ್‌ಜಾಕೆಟ್ ಕಟ್ಟಿ ನಿಂತಿದ್ದೆವು, ರೇಡಿಯೋದಲ್ಲಿ ಸುದ್ದಿ ಬಂತು, ಇಳಿಯುವುದು ರದ್ದು. ದೂರದ ಇಳಿಜಾರಿನಲ್ಲಿ ಒಂದು ಕರಡಿ ಇತ್ತಂತೆ. ನಮಗೆ ಕಾಣಲಿಲ್ಲ. ಕಂಡಿದ್ದು ಆಮೇಲೆ, 80 ಡಿಗ್ರಿ ದಾಟಿ ಹಿಮದ ಹಾಳೆಗಳ ನಡುವೆ ಹೋದಾಗ. ಬಿಳಿ ಅಲ್ಲ, ಹಳೇ ಬೆಣ್ಣೆಯ ಬಣ್ಣ. 2025ರ ಜನವರಿಯಿಂದ ಹೊಸ ಕಾನೂನು ಬಂದಿದೆ: ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500. ಹಾಗಾಗಿ ನಿಮ್ಮ ಟಿವಿಯಲ್ಲಿ ಕಾಣುವಷ್ಟು ದೊಡ್ಡದಾಗಿ ಕಾಣಲಿಲ್ಲ. ಕೆಲವರು ಗೊಣಗಿದರು. ನನಗೇನೂ ಬೇಜಾರಾಗಲಿಲ್ಲ. ನಮ್ಮ ನಾಗರಹೊಳೆಯಲ್ಲಿ ಒಂದು ಹುಲಿಯ ಸುತ್ತ ಜೀಪುಗಳು ಮುತ್ತಿಕೊಳ್ಳುವುದನ್ನು ನೋಡಿದವಳಿಗೆ ಈ ಕಾನೂನು ಸರಿ ಅನ್ನಿಸಿತು. ಬೈನಾಕ್ಯುಲರ್‌ನಲ್ಲಿ ಅದು ತಲೆ ಎತ್ತಿ ಮೂಸುವುದು ಚೆನ್ನಾಗಿಯೇ ಕಂಡಿತು.

ವಾಲ್ರಸ್‌ಗಳು (ಉದ್ದ ಕೋರೆಹಲ್ಲಿನ ಭಾರೀ ಕಡಲಪ್ರಾಣಿ) ಸಿಕ್ಕಾಪಟ್ಟೆ ಹತ್ತಿರ. ದಂತಕ್ಕಾಗಿ, ಕೊಬ್ಬಿಗಾಗಿ ಕೊಂದು ಕೊಂದು ಅಲ್ಲಿ ಇನ್ನೇನು ಮುಗಿದೇ ಹೋಗಿದ್ದವು. 1952ರಲ್ಲಿ ರಕ್ಷಣೆ ಕೊಟ್ಟಮೇಲೆ ನಿಧಾನ ಹೆಚ್ಚಿವೆ. ಒಂದರ ಮೇಲೊಂದು ಬಿದ್ದು, ಕೆರೆಯಲ್ಲಿ ಮಲಗಿದ ಎಮ್ಮೆಗಳ ಹಾಗೆ ಉಸಿರು ಬಿಡುತ್ತಿದ್ದವು. ವಾಸನೆ ಬಗ್ಗೆ ಬರೆಯಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕರಡಿಯೂ ಅಲ್ಲ, ವಾಲ್ರಸ್ಸೂ ಅಲ್ಲ. ಹಿನ್ಲೋಪನ್ ಜಲಸಂಧಿಯಲ್ಲಿ ಆಲ್ಕೆಫ್ಯೆಲ್ಲೆಟ್ ಅನ್ನುವ ಕಪ್ಪು ಬಂಡೆ ಇದೆ. ನೀರಿನಿಂದ ನೇರ ಮೇಲೆದ್ದ ಗೋಡೆ. ಅದರ ಅಂಚುಗಳಲ್ಲಿ ಸುಮಾರು 60,000 ಜೋಡಿ ಗಿಲೆಮಾಟ್ ಹಕ್ಕಿಗಳು, ಗೂಡಿಲ್ಲದೆ, ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಮರಿಗೆ ಮೂರು ವಾರ ಆಗುವಷ್ಟರಲ್ಲಿ, ರೆಕ್ಕೆ ಇನ್ನೂ ಬಲಿತಿರುವುದಿಲ್ಲ, ಹಾರಲು ಬರುವುದಿಲ್ಲ, ಹಾಗೇ ಕೆಳಗೆ ಹಾರಿಕೊಳ್ಳುತ್ತೆ. ಅಪ್ಪಹಕ್ಕಿ ಕೂಗುತ್ತಾ ಜೊತೆಗೆ ಇಳಿಯುತ್ತೆ. ಆಮೇಲೆ ಕಡಲಲ್ಲಿ ವಾರಗಟ್ಟಲೆ ಅದೇ ಸಾಕುತ್ತೆ, ತಾಯಿ ಅಲ್ಲ. ಕೆಲವು ಮರಿ ನೀರಿಗೆ ಬೀಳದೆ ದಡಕ್ಕೆ ಬೀಳುತ್ತವೆ, ಅಲ್ಲಿ ನರಿ ಕಾಯುತ್ತಿರುತ್ತೆ. ನಾವು ದೋಣಿಯಲ್ಲಿ ಕೂತು ನೋಡುತ್ತಿದ್ದಾಗ ಒಂದು ಮರಿ ಅಂಚಿಗೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ದೋಣಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ 'ಹಾರು' ಅನ್ನುತ್ತಿದ್ದೆವು. ಹಾರಿತು. ನೀರಿಗೇ ಬಿತ್ತು. ನರ್ಸಮ್ಮ ನನ್ನ ಬೆನ್ನಿಗೆ ಗುದ್ದಿದರು, ಖುಷಿಗೆ.

ಹಿಮಾದ್ರಿಗೆ ಬರುತ್ತೇನೆ. ನ್ಯೂ-ಓಲೆಸುಂಡ್ ಮೊದಲು ಕಲ್ಲಿದ್ದಲು ಗಣಿಯ ಊರು. 1962ರ ದುರಂತದಲ್ಲಿ 21 ಜನ ಸತ್ತಮೇಲೆ ಗಣಿ ಮುಚ್ಚಿತು. ಈಗ ಬೇರೆ ಬೇರೆ ದೇಶದ ವಿಜ್ಞಾನಿಗಳ ಊರು. 1926ರಲ್ಲಿ ನಾರ್ವೆಯ ಧ್ರುವ ಅನ್ವೇಷಕ ಅಮುಂಡ್ಸೆನ್ ತಂಡ ಧ್ರುವದ ಮೇಲೆ ಹಾರಿದ ವಾಯುನೌಕೆಯನ್ನು ಕಟ್ಟಿದ್ದ ಕಬ್ಬಿಣದ ಕಂಬ ಇನ್ನೂ ನಿಂತಿದೆ. ದೂರದ ಆಕಾಶದ ರೇಡಿಯೋ ಸದ್ದನ್ನು ಆಲಿಸುವ ಆಂಟೆನಾ ಇರುವುದರಿಂದ ಊರಲ್ಲಿ ಫೋನಿನ ವೈಫೈ, ಬ್ಲೂಟೂತ್ ಎಲ್ಲ ಆಫ್ ಮಾಡಬೇಕು. ನಮ್ಮ ಕೇಂದ್ರವನ್ನು ನಡೆಸುವುದು ಗೋವಾದ ಧ್ರುವ ಸಂಶೋಧನಾ ಸಂಸ್ಥೆ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲಕ್ಕೂ ತಂಡ ಕಳಿಸಿದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಕಟ್ಟಡದ ಒಳಗೆ ಹೋಗುವ ಹಾಗಿಲ್ಲ, ಕೇಳಲೂ ಇಲ್ಲ, ಅವರು ಕೆಲಸ ಮಾಡುತ್ತಿರುತ್ತಾರೆ. ಹೊರಗೆ ನಿಂತು ಹೆಸರು ಓದಿದೆ. ಅಲ್ಲೊಂದು ಪುಟ್ಟ ಅಂಚೆ ಕಚೇರಿ ಇದೆ. ನನ್ನ ಹಳೇ ಕಚೇರಿಯವರಿಗೆ ಕಾರ್ಡು ಹಾಕಿದೆ. ತಲುಪಿತಂತೆ, ಮುದ್ರೆ ಸ್ವಲ್ಪವೂ ಅಳಿಸಿಲ್ಲವಂತೆ. ಅಲ್ಲಿ ಮುದ್ರೆ ಹಾಕಿದ ಆ ಅಪರಿಚಿತ ಸಹೋದ್ಯೋಗಿಗೂ, ಇಲ್ಲಿ ಬಾಗಿಲಿಗೆ ತಂದುಕೊಟ್ಟ ಪೋಸ್ಟ್‌ಮ್ಯಾನ್‌ಗೂ ಶರಣು.

ಕೊನೆಗೆ ಸಾಲದ ಸಾಮಾನು. ತಮ್ಮನ ಮಗನ ಬೈನಾಕ್ಯುಲರ್ ಒರೆಸಿ ಇಟ್ಟಿದ್ದೇನೆ, ಯಾವಾಗ ಬೇಕಾದರೂ ಬಂದು ತಗೊಂಡು ಹೋಗಲಿ. ಎದುರುಮನೆ ಅಕ್ಕನ ಉಣ್ಣೆ ಟೋಪಿ ತೊಳೆದಿದ್ದೇನೆ, ಕುಗ್ಗಿಲ್ಲ. ಜಾಕೆಟ್ ಡ್ರೈಕ್ಲೀನಿಂಗಿನಲ್ಲಿದೆ, ಶನಿವಾರ ಸಿಗುತ್ತೆ. ಕರಿಬೇವಿಗೆ ನೀರು ಹಾಕಿದ ಪಕ್ಕದಮನೆಯವರು ಹಬ್ಬದವರೆಗೆ ಎಷ್ಟು ಬೇಕಾದರೂ ಕಿತ್ತುಕೊಳ್ಳಬಹುದು. ಭಾನುವಾರ ಸಂಜೆ ಮನೆಗೆ ಬನ್ನಿ, ಉಪ್ಪಿಟ್ಟು, ಕಾಫಿ, ಫೋಟೋ. ಖರ್ಚೆಷ್ಟಾಯಿತು ಅಂತ ಕೇಳಿದರೆ ಹೇಳುತ್ತೇನೆ. ಮುಂದೆ ಎಲ್ಲಿಗೆ ಅಂತ ಮಾತ್ರ ಮಗಳ ಮುಂದೆ ಕೇಳಬೇಡಿ.