ಗೆರೆಯ ಆಚೆ ನಿಂತ ನನ್ನ ಮಗಳಿಗೆ

ಪುಟ್ಟಿ,

ನಿನ್ನೆ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ರೈಲು ಹೊರಡುವವರೆಗೂ ನೀನು ಅಪ್ಪನ ಜೊತೆ ಮಾತ್ರ ಮಾತಾಡಿದೆ. ನಾನು ಕೊಟ್ಟ ಚಪಾತಿ ಡಬ್ಬಿ ತಗೊಂಡೆ, ಮುಖ ನೋಡಲಿಲ್ಲ. ಚೆನ್ನೈ ತಲುಪಿದ ಮೆಸೇಜ್ ಕೂಡ ಅಪ್ಪನಿಗೇ ಬಂತು, ಅವರು ನನಗೆ ಓದಿ ಹೇಳಿದರು. ಫೋನ್ ಮಾಡಿದರೆ ನೀನು ಎತ್ತಲ್ಲ. ಎತ್ತಿದರೂ ಎರಡನೇ ಮಾತಿಗೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಒಂದೇ ಸಲಕ್ಕೆ ಓದಬೇಕು ಅಂತೇನಿಲ್ಲ.

ಕೋಚ್ ಸರ್ ಹೇಳಿದ್ದು ನಿಜ. ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಿನ್ನನ್ನು ಪೋಸ್ಟಿನಲ್ಲಿ, ಅಂದರೆ ರಿಂಗಿನ ಹತ್ತಿರವೇ ನಿಲ್ಲಿಸಿ, ಹೊರಗಿಂದ ಹೊಡೆಯೋಕೆ ಬಿಡಬೇಡಿ ಅಂತ ಕೇಳಿಕೊಂಡಿದ್ದು ನಾನೇ. ಪಾಪ ಅವರು ಮೊನ್ನೆ ಅದನ್ನು ನನ್ನ ಬಗ್ಗೆ ಒಳ್ಳೇ ಮಾತು ಅಂದುಕೊಂಡೇ ನಿನಗೆ ಹೇಳಿದರು, ಅವರ ಮೇಲೆ ಸಿಟ್ಟು ಬೇಡ. ತಪ್ಪು ನನ್ನದು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಾಲ್ಕು ವರ್ಷ ನೀನು ಪ್ರಾಕ್ಟೀಸ್ ಮುಗಿಸಿ ಬಂದು, ಅಡುಗೆಮನೆ ಕಟ್ಟೆ ಮೇಲೆ ಕೂತು, 'ಸರ್ ನನಗೆ ಶೂಟ್ ಮಾಡೋಕೇ ಬಿಡಲ್ಲಮ್ಮ' ಅಂತ ಅತ್ತಾಗ ನಾನು ಒಗ್ಗರಣೆ ಹಾಕುತ್ತಾ 'ಸರ್‌ಗೆ ಗೊತ್ತಿರುತ್ತೆ ಬಿಡು' ಅಂದೆ. ಒಂದು ಸಲ ಅಲ್ಲ. ಎಷ್ಟು ಸಲವೋ.

1996ರಲ್ಲಿ ನಾನು ಆಡುತ್ತಾ ಬಿದ್ದು ಮಂಡಿ ಕಳೆದುಕೊಂಡಿದ್ದು, ತಾತ ಆಟೋದಲ್ಲಿ ಕರೆದುಕೊಂಡು ಹೋಗಿದ್ದು ಎಲ್ಲ ನಿನಗೆ ಬಾಯಿಪಾಠ, ಅದನ್ನು ಬಿಡು. 2017ರಲ್ಲಿ ಕಂಠೀರವದಲ್ಲಿ ನಮ್ಮ ಹುಡುಗಿಯರು ಕಜಕಿಸ್ತಾನವನ್ನು ಎರಡೇ ಪಾಯಿಂಟಿನಿಂದ ಸೋಲಿಸಿದ್ದೂ ನಿನಗೆ ನೆನಪಿದೆ. ನಾನು ಹೇಳಬೇಕಿರುವುದು ನಿನಗೆ ಗೊತ್ತಿಲ್ಲದ ಒಂದು ಸಂಜೆಯದು.

2022ರ ಮಳೆಗಾಲ. ಮಧ್ಯಾಹ್ನ ಜೋರು ಮಳೆ ಬಂದು ನಿಂತಿತ್ತು. ನೀವೆಲ್ಲ ವೈಪರ್ ಹಿಡಿದು ಕೋರ್ಟಿನ ನೀರು ತಳ್ಳಿ ಆಮೇಲೆ ಆಡಿದಿರಿ. ಆ ವರ್ಷ ನೀನು ಒಂದೇ ಸಮ ಉದ್ದ ಆಗುತ್ತಿದ್ದೆ, ಜೂನಿನಲ್ಲಿ ಹೊಲಿಸಿದ ಯೂನಿಫಾರಂ ದಸರಾ ಹೊತ್ತಿಗೆ ಗಿಡ್ಡ. ಪ್ರಾಕ್ಟೀಸ್ ಮುಗಿದು ಉಳಿದವರೆಲ್ಲ ಹೊರಟರು. ನೀನು ಆ ಕಡೆಯ ರಿಂಗಿನ ಎದುರು, ಎರಡರ ಬದಲು ಮೂರು ಪಾಯಿಂಟ್ ಸಿಗುವ ಆ ಥ್ರೀ ಪಾಯಿಂಟ್ ಗೆರೆಯ ಆಚೆ ನಿಂತು ಹೊಡೆಯುತ್ತಿದ್ದೆ. ನಾನು ಬೇಲಿ ಪಕ್ಕ ನಿಂತು ಎಣಿಸುತ್ತಿದ್ದೆ. ಚೆಂಡು ಒದ್ದೆ, ನೆಟ್ಟಿಗೆ ತಾಗಿದಾಗ ನೀರು ಸಿಡಿಯುತ್ತಿತ್ತು. ಹತ್ತರಲ್ಲಿ ಆರು ಬಿತ್ತು. ಹದಿನಾಲ್ಕು ವರ್ಷಕ್ಕೆ, ಒದ್ದೆ ಚೆಂಡಿನಲ್ಲಿ, ಹತ್ತರಲ್ಲಿ ಆರು ಕಣೇ.

ಆಮೇಲೆ ನೀನು ಮೆಟ್ಟಿಲ ಮೇಲೆ ಕೂತು ಎಡಗಾಲಿನ ಲೇಸ್ ಬಿಚ್ಚಿ ಮತ್ತೆ ಪೋಣಿಸೋಕೆ ಶುರು ಮಾಡಿದೆ. ಲೇಸಿನ ತುದಿ ಬಿಟ್ಟುಕೊಂಡು ಎಳೆ ಎಳೆ ಆಗಿತ್ತು. ಅದನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವ ಹಾಗೆ ತೂತಿಗೆ ತೂರಿಸುತ್ತಿದ್ದೆ. ಆ ಹೊತ್ತಿನಲ್ಲೇ ನಾನು ಸರ್ ಹತ್ತಿರ ಹೋಗಿದ್ದು. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ನಾನು ಹೇಳಿದೆ. ಅವರು ನಿನ್ನ ಕಡೆ ನೋಡಿ 'ಅವಳ ಕೈ ಚೆನ್ನಾಗಿದೆ ಮೇಡಂ' ಅಂದರು. 'ಎತ್ತರ ಇರುವವಳು ಹೊರಗೆ ನಿಂತರೆ ತಪ್ಪಿದ ಶಾಟಿನ ರಿಬೌಂಡ್ ಯಾರು ಹಿಡೀತಾರೆ ಸರ್' ಅಂದೆ ನಾನು. ದಾರ ಸುತ್ತುವುದು ನಿಂತಿತು. 'ಸರಿ, ನೋಡೋಣ' ಅಂದರು. ಅಷ್ಟೇ. ನಿನ್ನ ಲೇಸ್ ಕೊನೆಯ ತೂತಿಗೆ ಹೋಗುವ ಮೊದಲೇ ನಾನು ವಾಪಸ್ ಬಂದು ನಿನ್ನ ಬ್ಯಾಗ್ ಎತ್ತಿಕೊಂಡಿದ್ದೆ. 'ಅಮ್ಮ, ನೋಡಿದ್ಯಾ, ಆರು ಹಾಕಿದೆ' ಅಂದೆ ನೀನು. ನಾನು ನೋಡಲಿಲ್ಲ ಅಂದೆ.

ಯಾಕೆ ಹಾಗೆ ಮಾಡಿದೆ ಅಂತ ಮೊನ್ನೆ ರಾತ್ರಿ ನೀನು ಕೇಳಿದಾಗ 'ನಿನ್ನ ಮಂಡಿಗೆ ಹೆದರಿ' ಅಂದೆ. ಅದು ಪೂರ್ತಿ ನಿಜ ಅಲ್ಲ. ನನ್ನ ಮಂಡಿ ಹೋಗಿದ್ದೇ ರಿಂಗಿನ ಕೆಳಗೆ, ರಿಬೌಂಡಿಗೆ ಹಾರಿ ಇನ್ನೊಬ್ಬಳ ಪಾದದ ಮೇಲೆ ಇಳಿದಾಗ. ಮಂಡಿಯ ಭಯ ಅಷ್ಟಿದ್ದರೆ ನಿನ್ನನ್ನು ಅದೇ ಗುಂಪಿನೊಳಗೆ ಯಾಕೆ ನಿಲ್ಲಿಸುತ್ತಿದ್ದೆ ಹೇಳು? ನಿಜ ಏನೆಂದರೆ, ನೀನು ಡಿಫೆಂಡರ್‌ಗೆ ಬೆನ್ನು ಕೊಟ್ಟು ನಿಂತು, ಒಂದು ಭುಜ ಆಡಿಸಿ, ಇನ್ನೊಂದು ಕಡೆಗೆ ತಿರುಗಿ ಹುಕ್ ಶಾಟ್ ಹಾಕಿದಾಗ ನನಗೆ ನಾನೇ ಕಾಣುತ್ತಿದ್ದೆ. ಗೆರೆಯ ಆಚೆ ನಿಂತವಳು ಮಾತ್ರ ಬೇರೆ ಯಾರೋ ಅನ್ನಿಸುತ್ತಿದ್ದಳು. ತಪ್ಪಾಯಿತು ಪುಟ್ಟಿ.

'ನಿನ್ನ ಕಾಲದ ಆಟ ಸತ್ತುಹೋಗಿದೆ ಅಮ್ಮ' ಅಂದೆಯಲ್ಲ, ಆ ಮಾತು ಚುಚ್ಚಿತು. ರಾತ್ರಿ ನಿದ್ದೆ ಬರಲಿಲ್ಲ. ನೀನು ಕರೆಂಟ್ ಬಿಲ್ಲಿನ ಹಿಂದೆ ಬರೆದ ಲೆಕ್ಕ ಇನ್ನೂ ಫ್ರಿಜ್ ಮೇಲಿದೆ. ಗೆರೆಯ ಒಳಗೆ, ಆದರೆ ರಿಂಗಿಗೆ ದೂರದಿಂದ 100 ಹೊಡೆದು 40 ಹಾಕಿದರೆ 80 ಪಾಯಿಂಟ್. ಒಂದೆರಡು ಹೆಜ್ಜೆ ಹಿಂದೆ ಸರಿದು ಥ್ರೀ 100 ಹೊಡೆದು 35 ಮಾತ್ರ ಹಾಕಿದರೂ 105. ತಿರುಗಿಸಿ ಮುರುಗಿಸಿ ನೋಡಿದೆ, ತಪ್ಪಿಲ್ಲ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ 1979ರಲ್ಲಿ ಈ ಗೆರೆ ಬಂದಾಗ ಒಂದು ಟೀಮು ಮ್ಯಾಚಿಗೆ ಸರಾಸರಿ ಮೂರು ಥ್ರೀ ಕೂಡ ಹೊಡೆಯುತ್ತಿರಲಿಲ್ಲ, ಈಗ 35 ದಾಟಿದೆ. ಆ ಕಾಲದ ಕರೀಂ ಅಬ್ದುಲ್ ಜಬ್ಬಾರ್ 38,387 ಪಾಯಿಂಟ್ ಮಾಡಿದ್ದರಲ್ಲಿ ಥ್ರೀ ಒಂದೇ ಒಂದು. ನಿನ್ನ ಸ್ಟೆಫ್ ಕರಿ 2015-16ರ ಒಂದೇ ಸೀಸನ್ನಿನಲ್ಲಿ 402 ಹಾಕಿದ. ಎರಡೂ ಒಂದೇ ಆಟ ಅಂತ ನಂಬೋಕೇ ಕಷ್ಟ ಆಗುತ್ತೆ, ಅಲ್ವಾ?

ನಮ್ಮ ಆಟ ಯಾಕೆ ಹಾಗಿತ್ತು ಅಂತ ಮಾತ್ರ ಕೇಳು. ಗೆರೆ ನಮ್ಮ ಕೋರ್ಟಿನಲ್ಲೂ ಇತ್ತು. ಬಾಸ್ಕೆಟ್‌ಬಾಲಿನ ವಿಶ್ವ ಸಂಸ್ಥೆ ಫಿಬಾ ಅದನ್ನು 1984ರಲ್ಲೇ ತಂದಿತ್ತು, ಆಗ 6.25 ಮೀಟರ್. ನೀವು ಹೊಡೆಯುವ 6.75 ಬಂದಿದ್ದು 2010ರಲ್ಲಿ. ಆದರೆ ನಮಗೆ ಆ ಗೆರೆ ಅಂದರೆ ದಾಟಿ ಒಳಗೆ ಬರಬೇಕಾದ ಹೊಸ್ತಿಲು. ಅಲ್ಲಿಂದ ಯಾರಾದರೂ ಹೊಡೆದರೆ, ಬಿದ್ದರೂ ಸರಿ, ನಮ್ಮ ಕೋಚ್ ಗ್ರೌಂಡಿಗೆ ಒಂದು ಸುತ್ತು ಓಡಿಸುತ್ತಿದ್ದರು. ಆಗ 20 ನಿಮಿಷದ ಎರಡು ಹಾಫ್, ಒಂದೊಂದು ಅಟ್ಯಾಕಿಗೆ 30 ಸೆಕೆಂಡ್. ನಿಮ್ಮ 24 ಸೆಕೆಂಡ್, 10 ನಿಮಿಷದ ನಾಲ್ಕು ಕ್ವಾರ್ಟರ್ ಎಲ್ಲ 2000ದಲ್ಲಿ ಬಂದಿದ್ದು. 30 ಸೆಕೆಂಡಿನಲ್ಲಿ ಚೆಂಡು ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿತ್ತು, ಮತ್ತೆ ಒಳಗೆ ಬರುತ್ತಿತ್ತು. ರಿಂಗಿನ ಕೆಳಗೆ ಗೆರೆ ಹಾಕಿ ಗುರುತಿಸಿದ ಜಾಗ, ಆ ಕೀ ಕೂಡ ಈಗಿನ ಹಾಗೆ ನೆಟ್ಟಗಿರಲಿಲ್ಲ. ಮೇಲೆ ಸಣ್ಣ, ಕೆಳಗೆ ಅಗಲ, ಹರಡಿದ ಲಂಗದ ಹಾಗೆ. ಕೆಳಗಡೆ ಆರು ಮೀಟರ್. ಅದರೊಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ, ಹಾಗಾಗಿ ಪೋಸ್ಟಿನಲ್ಲಿ ಆಡುವ ನಾವು, ಪಿವಟ್‌ಗಳು, ರಿಂಗಿನಿಂದ ದೂರವೇ ಕಾಯಬೇಕು. ಚೆಂಡು ಕೈಗೆ ಬಂದಮೇಲೆ ಎರಡು ಹೆಜ್ಜೆಯಲ್ಲಿ ಆ ದೂರ ಮುಗಿಸಬೇಕು. ಆ ಎರಡು ಹೆಜ್ಜೆಯೇ ನನ್ನ ಆಟ. ಅದನ್ನು ಕಲಿಯೋಕೆ ಆರು ವರ್ಷ ಹಿಡಿಯಿತು. ಹಾಗಾಗಿ ಅದು ಸತ್ತುಹೋಯಿತು ಅಂದರೆ ನನಗೆ ತಡೆಯೋಕೆ ಆಗಲ್ಲ.

2018ರ ಮೇ ತಿಂಗಳ ಆ ಬೆಳಿಗ್ಗೆಗೂ ಒಂದು ಕ್ಷಮೆ ಬಾಕಿ ಇದೆ. ನಿನಗಾಗ ಹತ್ತು ವರ್ಷ. ಹ್ಯೂಸ್ಟನ್ ಟೀಮು ಒಂದರ ಹಿಂದೆ ಒಂದು 27 ಥ್ರೀ ತಪ್ಪಿಸಿ ಸೋತಿತು. ನೀನು ಸೋಫಾದ ಮೇಲೆ ಮುಖ ಮುಚ್ಚಿಕೊಂಡು ಅತ್ತೆ. ನಾನು 'ನೋಡಿದ್ಯಾ, ಒಳಗೆ ಹೋಗದಿದ್ದರೆ ಹೀಗೇ ಆಗೋದು' ಅಂದೆ. ಅವತ್ತು ಗೆದ್ದ ಗೋಲ್ಡನ್ ಸ್ಟೇಟ್ ಕೂಡ ಥ್ರೀ ಹೊಡೆದೇ ಹೆಸರು ಮಾಡಿದ ಟೀಮು ಅನ್ನುವುದನ್ನು ನಾನು ಬಾಯಿ ಬಿಡಲಿಲ್ಲ.

ಅದೇ ಹ್ಯೂಸ್ಟನ್‌ನಲ್ಲಿ ನನ್ನ ಹಕೀಂ ಒಲಾಜುವಾನ್ ಆಡುತ್ತಿದ್ದ. ನೈಜೀರಿಯಾದಲ್ಲಿ ಹುಡುಗನಾಗಿದ್ದಾಗ ಫುಟ್‌ಬಾಲ್ ಗೋಲ್ ಕೀಪರ್, ಹ್ಯಾಂಡ್‌ಬಾಲ್ ಆಟಗಾರ, ಬಾಸ್ಕೆಟ್‌ಬಾಲ್ ಮುಟ್ಟಿದ್ದೇ ತಡವಾಗಿ. ಅಷ್ಟು ಎತ್ತರದ ಮನುಷ್ಯನಿಗೆ ಅಂಥ ಕಾಲು. ನಿನ್ನೆ ರಾತ್ರಿ 1995ರ ಫೈನಲ್ಸ್ ಮೊದಲ ಮ್ಯಾಚ್ ಹಾಕಿಕೊಂಡು ಮತ್ತೆ ನೋಡಿದೆ, ನಿನಗೆ ಉತ್ತರ ಹುಡುಕೋಣ ಅಂತಲೇ. ಇಷ್ಟು ವರ್ಷ ನಾನು ಅವನ ಕಾಲು ಮಾತ್ರ ನೋಡಿದ್ದೆ. ನಿನ್ನೆ ಮೊದಲ ಸಲ ಸುತ್ತ ಇರುವವರನ್ನು ನೋಡಿದೆ. ಅವನು ತಿರುಗೋಕೆ ಅಷ್ಟು ಜಾಗ ಹೇಗೆ ಸಿಗುತ್ತಿತ್ತು ಅಂದರೆ, ಅವನ ಜೊತೆಯವರು ಗೆರೆಯ ಆಚೆ ಕಾಯುತ್ತಿದ್ದರು. ಆ ಒಂದು ಮ್ಯಾಚಿನಲ್ಲಿ ಕೆನ್ನಿ ಸ್ಮಿತ್ ಏಳು ಥ್ರೀ ಹಾಕಿದ. ನೀನು ಹೇಳುತ್ತಿದ್ದ ಸ್ಪೇಸಿಂಗ್ ಅಂದರೆ ಇದೇ ತಾನೇ? ನೀನು ನೂರು ಸಲ ಹೇಳಿದ್ದೆ. ನನ್ನ ಕಿವಿಗೆ ಬಿದ್ದಿರಲಿಲ್ಲ.

ಟಿವಿ ಆರಿಸಿದ ಮೇಲೆ ನಮ್ಮದೇ ಒಂದು ಫೈನಲ್ ನೆನಪಾಯಿತು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ನಾನು ಬೀಳುವುದಕ್ಕೆ ಒಂದು ವರ್ಷ ಮೊದಲು. ಎದುರಿನವರು 2-3 ಝೋನ್ ಹಾಕಿದರು, ಅಂದರೆ ಮುಂದೆ ಇಬ್ಬರು, ರಿಂಗಿನ ಹತ್ತಿರ ಮೂವರು ನಿಂತು ತಮ್ಮ ತಮ್ಮ ಜಾಗ ಕಾಯುವುದು. ನನ್ನ ಮುಂದೆ ಒಬ್ಬಳು, ಹಿಂದೆ ಒಬ್ಬಳು, ಪಕ್ಕದಲ್ಲಿ ಕೈ ಚಾಚಿಕೊಂಡು ಇನ್ನೊಬ್ಬಳು. ಚೆಂಡು ಬಂದಾಗಲೆಲ್ಲ ನಾನು ಹೊರಗೆ ಎಸೆದೆ. ಹೊರಗೆ ನಮ್ಮ ಗಾರ್ಡ್ ಒಬ್ಬಳೇ ನಿಂತಿದ್ದಾಳೆ, ಅವಳ ಸುತ್ತ ಒಂದು ಹುಳವೂ ಇಲ್ಲ, ಆದರೂ ಹೊಡೆಯಲಿಲ್ಲ. ಹೊಡೆಯಬಾರದು ಅಂತ ನಮಗೆ ಕಲಿಸಿದ್ದರು. ಚೆಂಡನ್ನು ಮತ್ತೆ ನನಗೇ ಕೊಟ್ಟಳು. ಮತ್ತೆ ಮೂರು ಜನ ನನ್ನ ಮೇಲೆ. ಇಡೀ ಎರಡನೇ ಹಾಫ್ ಹೀಗೇ ಹೋಯಿತು. ಸೋತೆವು. ಬಸ್ಸಿನಲ್ಲಿ ನಾನು ಆ ಹುಡುಗಿಯ ಜೊತೆ ಮಾತಾಡಲಿಲ್ಲ. ಅವತ್ತು ಅಲ್ಲಿ, ಹತ್ತರಲ್ಲಿ ಆರು ಹಾಕುವ ನಿನ್ನಂಥವಳು ಒಬ್ಬಳು ನಿಂತಿದ್ದಿದ್ದರೆ? ಇದು ನನಗೆ ಹೊಳೆಯೋಕೆ ಇಷ್ಟು ವರ್ಷ ಬೇಕಾಯಿತು. ಅಂಥವಳು ನನ್ನ ಮನೆಯಲ್ಲೇ ಹುಟ್ಟಿದಾಗ ನಾನು ಮಾಡಿದ್ದು, ಹೊಡೆಯಬೇಡ ಅಂತ ಹೇಳಿಸಿದ್ದು.

ಹಾಗಂತ ನಾನು ಪೂರ್ತಿ ಸೋತೆ ಅಂತ ಅಂದುಕೋಬೇಡ. ಏಜಾ ವಿಲ್ಸನ್‌ನ ನೋಡು. ಅಮೆರಿಕದ ಹೆಂಗಸರ ಲೀಗು ಡಬ್ಲ್ಯುಎನ್‌ಬಿಎಯಲ್ಲಿ ನಾಲ್ಕು ಸಲ ಎಂವಿಪಿ, ಅಂದರೆ ಸೀಸನ್ನಿನ ಅತ್ಯುತ್ತಮ ಆಟಗಾರ್ತಿ. ಅವಳು ಜಾಸ್ತಿ ಪಾಯಿಂಟ್ ಮಾಡುವುದು ಒಳಗೆ ಮತ್ತು ನಿಮ್ಮ ಲೆಕ್ಕದಲ್ಲಿ ದಂಡ ಅನ್ನುವ ಆ ನಡುವಿನ ಜಾಗದಿಂದ. ಎನ್‌ಬಿಎಯ ಯೋಕಿಚ್‌ಗೆ ಮೂರು ಎಂವಿಪಿ ಇವೆ. ಅವನು ಥ್ರೀ ಹೊಡೆಯುತ್ತಾನೆ, ಸರಿ, ಆದರೆ ಬೆನ್ನು ಕೊಟ್ಟು ನಿಂತಾಗ ಅವನ ಪಾದ ನೋಡು. ಇನ್ನೊಂದು ಮಾತು. ನೂರು ಥ್ರೀ ಹೊಡೆದರೆ 35 ಬೀಳುತ್ತೆ ಅನ್ನುವ ನಿನ್ನ ಲೆಕ್ಕ ಅಂಥ ಕೈ ಇರುವವರಿಗೆ. ಹೋದ ವರ್ಷ ನೀನು ಸರ್ ಕಣ್ಣು ತಪ್ಪಿಸಿ ಮ್ಯಾಚುಗಳಲ್ಲಿ ಹೊಡೆದ ಥ್ರೀ ಎಲ್ಲ ನಾನು ಬರೆದಿಟ್ಟಿದ್ದೇನೆ, ಹೌದು, ಬರೆದಿಟ್ಟಿದ್ದೇನೆ. 18ರಲ್ಲಿ 4. ಬಿಡಿಸಿ ಹೇಳಬೇಕಾ? 18 ಶಾಟಿಗೆ 12 ಪಾಯಿಂಟ್. ಒಳಗೆ ಹೋಗಿದ್ದರೆ ಫೌಲ್ ಸಿಗುತ್ತಿತ್ತು, ಫ್ರೀ ಥ್ರೋ ಸಿಗುತ್ತಿತ್ತು, ಎದುರಿನ ಸೆಂಟರ್‌ಗೆ ಫೌಲ್ ತುಂಬುತ್ತಿತ್ತು. ಯಾರೂ ಇಲ್ಲದಾಗ ಹತ್ತರಲ್ಲಿ ಆರು ಬೇರೆ, ಮುಖದ ಮೇಲೆ ಕೈ ಬಂದಾಗ ಬೇರೆ. ದಿನಾ ಬೆಳಿಗ್ಗೆ ಬೇರೆಯವರು ಬರುವ ಮೊದಲು ಹೋಗಿ ಹೊಡಿ, ಸುಮ್ನೆ ಅಲ್ಲ, ಓಡಿ ಬಂದು, ಉಸಿರು ಏರಿದಾಗ ಹೊಡಿ. ನೋಡು, ಮತ್ತೆ ಪಾಠ ಶುರು ಆಯಿತು. ಆದರೆ ನಾಲ್ಕು ವರ್ಷ ಅಭ್ಯಾಸ ತಪ್ಪಿಸಿದವಳೇ ನಾನು, ಹಾಗಾಗಿ ಆ 18ರಲ್ಲಿ 4 ಅರ್ಧ ನನ್ನದೇ.

ಮಂಡಿಯ ವಿಷಯ ಒಂದೇ ಸಲ ಹೇಳಿ ಬಿಡುತ್ತೇನೆ. ಮಂಡಿಯೊಳಗಿನ ಲಿಗಮೆಂಟ್ ಹರಿಯುವುದು ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ. ಎಷ್ಟೋ ಸಲ ಯಾರೂ ತಳ್ಳಿರುವುದೂ ಇಲ್ಲ, ಓಡುತ್ತಾ ತಟ್ಟನೆ ನಿಂತಾಗ, ತಿರುಗಿದಾಗ, ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ ಹೋಗುತ್ತೆ. ತಟ್ಟನೆ ಹಿಂದಕ್ಕೆ ಸರಿದು ಹೊಡೆಯುವ ನಿನ್ನ ಆ ಸ್ಟೆಪ್ ಬ್ಯಾಕ್ ನೋಡಿದಾಗೆಲ್ಲ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತೇನೆ, ಯಾಕೆಂದರೆ ಎಡಮಂಡಿ ಒಳಕ್ಕೆ ಬಾಗುತ್ತೆ. ನಿನಗೆ ಕಾಣಲ್ಲ, ವಿಡಿಯೋ ಮಾಡಿಸಿ ನೋಡು. ಎರಡೂ ಕಾಲಿನ ಮೇಲೆ ಇಳಿ, ಮಂಡಿ ಪಾದದ ನೇರಕ್ಕೆ ಇರಲಿ. ತೊಡೆಗೆ ಶಕ್ತಿ ಬರುವ ಎಕ್ಸರ್‌ಸೈಜ್ ಬಿಡಬೇಡ. ನೋವು ಅಂದರೆ ಕೂತುಕೋ. ಸೀಟು ಕಳ್ಕೊಂಡರೆ ಇನ್ನೊಂದು ಸಿಗುತ್ತೆ. ಮೆಟ್ಟಿಲು ಇಳಿಯುವಾಗ ನಾನು ಹೇಗೆ ಇಳಿಯುತ್ತೇನೆ ಅಂತ ನೋಡಿದ್ದೀಯಲ್ಲ.

ಶೂ ಬ್ಯಾಗಿನ ಸೈಡ್ ಜಿಪ್ಪಿನಲ್ಲಿ ಎರಡು ಜೊತೆ ಹೊಸ ಲೇಸ್ ಇಟ್ಟಿದ್ದೇನೆ. ಹಳೆಯದನ್ನೇ ಬಾಯಲ್ಲಿ ಇಟ್ಟುಕೊಂಡು ಹೊಸೆಯಬೇಡ. ಅಜ್ಜಿ ಕೊಟ್ಟ ದುಡ್ಡು ಅದರ ಪಕ್ಕದಲ್ಲೇ ಇದೆ.

ನಿನ್ನ ಹೊಸ ಕೋಚ್ ನಂಬರ್ ನನಗೆ ಕೊಡಬೇಡ. ನಾನು ಕೇಳಿದರೂ ಕೊಡಬೇಡ. ನಿನ್ನನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವರು ಕೇಳಿದರೆ ನೀನೇ ಹೇಳು. ಮೊದಲ ಮ್ಯಾಚ್ ಆದಮೇಲೆ ಎಷ್ಟು ಥ್ರೀ ಹೊಡೆದೆ, ಎಷ್ಟು ಬಿತ್ತು ಅಂತ ಮೆಸೇಜ್ ಮಾಡು. ಅಪ್ಪನಿಗೆ ಮಾಡಿದರೂ ಸಾಕು, ಅವರು ಓದಿ ಹೇಳುತ್ತಾರೆ.

ಆ ಸಂಜೆ ನಾನು ನೋಡಿದ್ದೆ ಪುಟ್ಟಿ. ಆರೂ ನೋಡಿದ್ದೆ.

ಅಮ್ಮ