ಗಾಜು ಹೊಸದು, ಕ್ಯಾಮೆರಾ ಓರೆ: ಕ್ಯಾಲಿಬ್ರೇಶನ್ ಮಾಡದೆ ಕಾರು ಕೊಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗಾಜು ಬದಲಾವಣೆ ವಿಭಾಗ

ಮಾನ್ಯರೇ,

ಕಲ್ಲು ಸಿಡಿದು ಬಿರುಕುಬಿಟ್ಟಿದ್ದ ನನ್ನ ಕಾರಿನ ಮುಂದಿನ ಗಾಜನ್ನು ಹೋದ ವಾರ ನಿಮ್ಮಲ್ಲಿ ಬದಲಿಸಿಕೊಟ್ಟಿರಿ. ಗಾಜು ಕೂರಿಸಿದ್ದರಲ್ಲಿ ತಕರಾರಿಲ್ಲ. ನೀರು ಸೋರುತ್ತಿಲ್ಲ, ಗಾಳಿ ಸದ್ದೂ ಇಲ್ಲ. ನನ್ನ ದೂರು ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಿರುವ ಕ್ಯಾಮೆರಾದ ಬಗ್ಗೆ. ಗಾಜು ಬದಲಿಸಿದ ಮೇಲೆ ಅದು ನೋಡುವ ದಿಕ್ಕನ್ನು ಮತ್ತೆ ಅಳತೆಗೆ ಹೊಂದಿಸುವ ಕೆಲಸ, ಅಂದರೆ ಕ್ಯಾಲಿಬ್ರೇಶನ್, ನೀವು ಮಾಡಿಲ್ಲ.

ಕಾರು ಮನೆಗೆ ತಂದಾಗಿನಿಂದ, ಈ ಕ್ಯಾಮೆರಾ ನೋಡಿಕೊಂಡು ಕಾರನ್ನು ಲೇನಿನೊಳಗೇ ಇಡಬೇಕಾದ ಲೇನ್ ಅಸಿಸ್ಟ್ ಸ್ಟೇರಿಂಗನ್ನು ಎಡಕ್ಕೆ ಎಳೆಯುತ್ತಿದೆ. ಲೇನಿನ ನಟ್ಟನಡುವೆ ಹೋಗುತ್ತಿದ್ದರೂ ಗೆರೆ ದಾಟಿದೆ ಅಂತ ಕೂಗುತ್ತದೆ. ಪಕ್ಕದ ಲೇನಿನಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದ ಲಾರಿಗೂ ಡಿಕ್ಕಿಯ ಎಚ್ಚರಿಕೆ ಕೊಟ್ಟಿತು. ಲೇನ್ ಅಸಿಸ್ಟ್ ಆಫ್ ಮಾಡಿದರೆ ಸ್ಟೇರಿಂಗ್ ನೆಟ್ಟಗಿರುತ್ತದೆ. ಅಂದಮೇಲೆ ವೀಲ್ ಅಲೈನ್‌ಮೆಂಟ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಫೋನ್ ಮಾಡಿದರೆ ನಿಮ್ಮ ಸರ್ವಿಸ್ ಅಡ್ವೈಸರ್, "ಡ್ಯಾಶ್‌ಬೋರ್ಡಲ್ಲಿ ಲೈಟ್ ಬಂದಿಲ್ಲ ಅಲ್ವಾ ಸಾರ್? ಹಾಗಿದ್ರೆ ಎಲ್ಲಾ ಸರಿ ಇದೆ. ಸ್ವಲ್ಪ ಓಡ್ಸಿ, ತಾನಾಗೇ ಸೆಟ್ ಆಗತ್ತೆ" ಅಂದರು. ಕ್ಯಾಮೆರಾಗೆ ದೋಷ ಗೊತ್ತಾದರೆ ತಾನೇ ಲೈಟ್ ಬರುವುದು? ತಾನು ನೋಡುವ ದಿಕ್ಕೇ ಚೂರು ಓರೆಯಾಗಿದ್ದರೆ ಅದು ಎಷ್ಟೋ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ. ಬರೀ 1 ಡಿಗ್ರಿ ತಿರುಗಿದ್ದರೂ 50 ಮೀಟರ್ ಮುಂದೆ ಸುಮಾರು 87 ಸೆಂಟಿಮೀಟರ್ ವ್ಯತ್ಯಾಸ. 100 ಮೀಟರಿಗೆ ಅದು ದುಪ್ಪಟ್ಟು. ತುರ್ತು ಬ್ರೇಕ್ ಯಾವಾಗ ಹಾಕಬೇಕು ಅಂತ ನೋಡುವುದೂ ಇದೇ ಕ್ಯಾಮೆರಾ. ಭಯವಾಗುವುದು ಅದಕ್ಕೇ.

ಓಡಿಸುತ್ತಾ ಮಾಡುವ ಕ್ಯಾಲಿಬ್ರೇಶನ್ ಇದೆ, ಒಪ್ಪುತ್ತೇನೆ. ಆದರೆ ಅದಕ್ಕೂ ಸಾಮಾನ್ಯವಾಗಿ ಸ್ಕ್ಯಾನ್ ಟೂಲ್ (ಕಾರಿನ ಕಂಪ್ಯೂಟರನ್ನು ಓದುವ ಉಪಕರಣ) ಜೋಡಿಸಿ ಶುರು ಮಾಡಬೇಕು, ಗೆರೆ ಚೆನ್ನಾಗಿ ಕಾಣುವ ರಸ್ತೆ ಬೇಕು. ನನ್ನ ಕಾರಿಗಂತೂ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಕಂಪನಿ ಹೇಳಿದ ಅಳತೆಗೆ ಎದುರು ಟಾರ್ಗೆಟ್ ಬೋರ್ಡ್ (ಕ್ಯಾಮೆರಾ ನೋಡಿ ಹೊಂದಿಸಿಕೊಳ್ಳುವ ಗುರುತಿನ ಹಲಗೆ) ಇಟ್ಟು ಮಾಡಬೇಕು. ಇದ್ಯಾವುದೂ ಆಗಿಲ್ಲ. ಬಿಲ್ಲಿನಲ್ಲಿ ಮಾತ್ರ ಕ್ಯಾಲಿಬ್ರೇಶನ್ ಚಾರ್ಜ್ ಮರೆಯದೆ ಸೇರಿಸಿದ್ದೀರಿ! ರಿಪೋರ್ಟ್ ಕೇಳಿದರೆ ಇಲ್ಲ ಅಂತಾರೆ.

ಕಾರನ್ನು ಮತ್ತೆ ಕರೆಸಿಕೊಂಡು ಸರಿಯಾಗಿ ಕ್ಯಾಲಿಬ್ರೇಶನ್ ಮಾಡಿಕೊಡಿ. ಅದಕ್ಕೂ ಮೊದಲು ಟೈರ್ ಗಾಳಿ ನೋಡಿ, ಡಿಕ್ಕಿಯಲ್ಲಿ ಸಾಮಾನಿದ್ದರೆ ಇಳಿಸಿ. ಹೊಸ ಗಾಜಿನಲ್ಲಿ ಕ್ಯಾಮೆರಾ ಕೂರುವ ಬ್ರಾಕೆಟ್ ನೆಟ್ಟಗಿದೆಯಾ ಅಂತಲೂ ಪರೀಕ್ಷಿಸಿ. ಬ್ರಾಕೆಟ್ಟೇ ಸೊಟ್ಟಗಿದ್ದರೆ ಗಾಜನ್ನೇ ಬದಲಿಸಬೇಕು, ಅದರ ಖರ್ಚು ನಿಮ್ಮದೇ. ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಸ್ಕ್ಯಾನ್ ರಿಪೋರ್ಟ್ ಎರಡೂ ನನ್ನ ಕೈಗೆ ಬರಬೇಕು. ಬೋರ್ಡ್ ಅಥವಾ ಜಾಗ ನಿಮ್ಮಲ್ಲಿ ಇಲ್ಲದಿದ್ದರೆ ಸುಮ್ನೆ ಎಳೆದಾಡಬೇಡಿ. ಹಣ ವಾಪಸ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆ.

ಬಿಲ್ ಮತ್ತು ಜಾಬ್ ಕಾರ್ಡ್ ಪ್ರತಿ ಜೊತೆಗಿಟ್ಟಿದ್ದೇನೆ. ಏಳು ದಿನದೊಳಗೆ ಬರಹದಲ್ಲೇ ಉತ್ತರ ಕೊಡಿ, ಫೋನಿನಲ್ಲಿ ಬೇಡ.

ಇಂತಿ,
ನಿಮ್ಮ ಗ್ರಾಹಕ